ಗಂಡ ಕೊರೆದ ಗವಿ

ಹಿಸಾನೊ ಅಕ್ಕನಿಗೆ ನಾನು ಮಾಡುವ ತೋಫು ಯಾವತ್ತೂ ಹಿಡಿಸಿಲ್ಲ. ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ಸರಿಸುವ ಹೊತ್ತಿಗೆ ಪಾತ್ರೆ ಹಿಡಿದು ಬಂದು ನಿಂತಿರುತ್ತಾಳೆ. ನೀರಿನ ತೊಟ್ಟಿಯಲ್ಲಿ ತೇಲುವ ಬಿಳಿ ತುಂಡುಗಳನ್ನು ಒಂದೊಂದಾಗಿ ಬಗ್ಗಿ ನೋಡಿ, "ಉಮೆಕೊ, ಇವತ್ತೂ ಮೆತ್ತಗಾಗಿದೆಯಲ್ಲೇ" ಅನ್ನುತ್ತಾಳೆ. "ಗಟ್ಟಿ ಬೇಕಿದ್ರೆ ಹೋಗಿ ಕಲ್ಲು ಕಚ್ಚಕ್ಕಾ" ಅಂತ ನಾನೂ ಬಿಡುವುದಿಲ್ಲ. ಆದರೂ ಕೊಳ್ಳದೆ ಒಂದು ದಿನವೂ ಹೋದವಳಲ್ಲ. ಅಷ್ಟು ಹಟದ ಹೆಂಗಸು ಈ ಕಾಮಿಯೋಕಾದಲ್ಲಿ ಇನ್ನೊಬ್ಬಳಿಲ್ಲ. ಇದ್ದರೆ ನನಗೆ ತೋರಿಸಿ, ಅಂಗಡಿ ಮುಚ್ಚಿಬಿಡುತ್ತೇನೆ.

ಅವಳು ಬೆಟ್ಟದ ಮಗಳಲ್ಲ. ಹೊಳೆ ಇಳಿದು ಹೋದರೆ ಸಿಗುವ ತೊಯಾಮದ ಕಡಲತಡಿಯವಳು. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಇವಳನ್ನೇ ದೋಣಿ ಹತ್ತಿಸಿಕೊಂಡು ಹೋಗುತ್ತಿದ್ದ. ಬಲೆ ಎಳೆದ ಕೈ ಅದು. ಕಣ್ಣು ಹಾಯಿಸಿದಷ್ಟು ದೂರ ನೀರು ಕಂಡು ಬೆಳೆದವಳನ್ನು ತಂದು, ನಾಲ್ಕು ಕಡೆಯೂ ಬೆಟ್ಟ ಅಡ್ಡ ನಿಂತ ಈ ಊರಿಗೆ ಕೊಟ್ಟರು. ಮದುವೆಯಾಗಿ ಬಂದ ಹೊಸತರಲ್ಲಿ, "ಇಲ್ಲಿ ಉಸಿರು ಬಿಡೋಕೂ ಜಾಗ ಇಲ್ಲ" ಅಂತ ನಮ್ಮಮ್ಮನ ಹತ್ತಿರ ಅತ್ತಿದ್ದಳು. ನಾನಾಗ ಶಾಲೆಗೆ ಹೋಗುವ ಹುಡುಗಿ, ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದೆ.

ಗಂಡ ಮಾಸುಜಿ ಗಣಿಯಲ್ಲಿ ಡ್ರಿಲ್ಲು ಹಿಡಿಯುತ್ತಿದ್ದ. ಆಳು ಅಂದರೆ ಆಳು, ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬರುವಂತಿರಲಿಲ್ಲ. ಮಾತು ಮಾತ್ರ ತೂಕ ಮಾಡಿ ಕೊಡುತ್ತಿದ್ದ.

ನಮ್ಮೂರಲ್ಲಿ ಬೆಟ್ಟ ಅಂದರೆ ಗಣಿ, ಗಣಿ ಅಂದರೆ ಗಂಡಸರು. ಬೆಟ್ಟದ ದೇವರು ಹೆಣ್ಣು, ತಾಯಿ ಅಂತಲೇ ಕರೆಯುವುದು. ನೋಡೋಕೆ ಚೆನ್ನಾಗಿಲ್ಲ, ಹೊಟ್ಟೆಕಿಚ್ಚು ಬೇರೆ. ಇನ್ನೊಂದು ಹೆಣ್ಣು ಸುರಂಗಕ್ಕೆ ಕಾಲಿಟ್ಟರೆ ಸಿಟ್ಟಿಗೆದ್ದು ಬಂಡೆ ಉರುಳಿಸುತ್ತಾಳೆ ಅಂತ ಎಲ್ಲ ಮನೆಯಲ್ಲೂ ಹೇಳುತ್ತಿದ್ದರು. ಅವಳ ಸಮಾಧಾನಕ್ಕೆ ಚಳಿಗಾಲದ ಪೂಜೆಯಲ್ಲಿ ಒಕೊಜೆ ಮೀನು ಇಡುತ್ತಾರೆ. ಅಷ್ಟು ವಿಕಾರದ ಮೀನು ಇಡೀ ಕಡಲಲ್ಲಿಲ್ಲ. ತನಗಿಂತ ಕುರೂಪಿ ಒಬ್ಬಳಿದ್ದಾಳಲ್ಲ ಅಂತ ತಾಯಿಗೆ ಖುಷಿಯಂತೆ. "ಮೀನು ಯಾಕ್ರೋ ತರ್ತೀರಾ, ನಮ್ಮ ಉಮೆಕೊನ್ನ ನಿಲ್ಲಿಸಿ ಸಾಕು" ಅಂತ ನನ್ನ ಗಂಡ ಗಿರಾಕಿಗಳ ಮುಂದೆ ಹಲ್ಲು ಕಿರಿಯುತ್ತಿದ್ದ. ಅಂಥ ದಿನ ಅವನಿಗೆ ತಂಗಳನ್ನವೇ ಗತಿ.

ಆ ಒಕೊಜೆ ಮೀನು ಪ್ರತಿ ವರ್ಷ ಬರುತ್ತಿದ್ದುದು ಹಿಸಾನೊಳ ತವರಿನಿಂದ. ಅದಕ್ಕೆ ಉಪ್ಪು ಹಾಕಿ ಒಣಗಿಸಿ ಕಳಿಸುತ್ತಿದ್ದಳೇ ಹೊರತು, ಪೂಜೆ ನಡೆಯುವ ಸುರಂಗದ ಬಾಯಿಯನ್ನು ಅವಳು ಕಂಡಿರಲಿಲ್ಲ. ಹೆಂಡತಿಯರು ಕಬ್ಬಿಣದ ಸೇತುವೆಯವರೆಗೆ ಹೋಗಬಹುದು, ಅಷ್ಟೇ. ಮದುವೆಯಾದ ಮರುದಿನವೇ ಅತ್ತೆ ಕೂರಿಸಿಕೊಂಡು ಹೇಳಿದ್ದಳಂತೆ, "ನೋಡಮ್ಮಾ, ಒಳಗೆ ಹೋಗೋದು ಅವನ ಕೆಲಸ. ಹೋಗದೆ ಇರೋದು ನಿನ್ನ ಕೆಲಸ. ಇಬ್ರೂ ಸರಿಯಾಗಿ ಮಾಡಿದ್ರೆ ಮನೆ ಉಳಿಯುತ್ತೆ."

ಹಿಸಾನೊ ಆ ಕೆಲಸವನ್ನು ಪಟ್ಟು ಹಿಡಿದು ಮಾಡಿದಳು. ದಿನಾ ಸೇತುವೆಯ ಈಚೆ ನಿಂತು ಗಂಡನನ್ನು ಕಳಿಸುವುದು, ಸಂಜೆ ಅಲ್ಲೇ ನಿಂತು ಕಾಯುವುದು. ಆದರೆ ನೋಡಬೇಕು ಅನ್ನುವ ಆಸೆ ಮಾತ್ರ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಗಂಡನ ಬಟ್ಟೆ ಒಗೆದ ನೀರು ಚೆಲ್ಲುವ ಮುಂಚೆ ಬುಡದಲ್ಲಿ ಇಳಿದ ಬೂದು ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡುವಳು. "ಇಷ್ಟೇ ನೋಡೇ ನನ್ನ ಪಾಲಿಗೆ ಬಂದ ಬೆಟ್ಟ" ಅಂದಿದ್ದಳು ಒಮ್ಮೆ. ನಾನು ನಕ್ಕಿದ್ದೆ, ಅವಳು ನಗಲಿಲ್ಲ.

ಸತುವಿನ ಅದಿರು ಕಡಿಮೆಯಾಗುತ್ತಾ ಬಂದ ಕಾಲಕ್ಕೆ ವಿಜ್ಞಾನಿಗಳು ಬಂದರು. ಬೆಟ್ಟದ ಹೊಟ್ಟೆಯಲ್ಲಿ ಅವರ ಚಿಕ್ಕ ನೀರಿನ ತೊಟ್ಟಿ ಒಂದು ಮೊದಲೇ ಇತ್ತು, ಈಗ ಭಾರಿ ದೊಡ್ಡದು ಬೇಕಂತೆ. ನಮ್ಮೂರ ಶಾಲೆಯ ಕಟ್ಟಡವನ್ನು ಒಂದರ ಮೇಲೊಂದು ಮೂರ್ನಾಲ್ಕು ಪೇರಿಸಿದರೂ ಹಿಡಿಸುವಂಥ ಗವಿ ಕೊರೆಯಬೇಕು. ಮಾಸುಜಿಯ ತಂಡಕ್ಕೇ ಆ ಕೆಲಸ ಬಿತ್ತು. ಆ ವರ್ಷಗಳಲ್ಲಿ ಅವನು ಮನೆಗೆ ಬರುವಾಗ ಮುಖದಲ್ಲಿ ಏನೋ ಕಳೆ ಇರುತ್ತಿತ್ತಂತೆ.

"ಹೇಗಿದೆ ರೀ?" ಅಂತ ಇವಳು ಬಡಿಸುತ್ತಾ ಕೇಳುವಳು.

"ದೊಡ್ಡದು."

"ಅದೇ, ಎಷ್ಟು ದೊಡ್ಡದು? ಏನ್ ಥರ ಇದೆ?"

"ತುಂಬಾ ದೊಡ್ಡದು" ಅಂದು ಸೊಪ್ಪಿನ ಸಾರಿಗೆ ಕೈ ಚಾಚುವನು. ಅಲ್ಲಿಗೆ ಮಾತು ಮುಗಿಯಿತು. ಇಂಥ ಗಂಡಸಿನ ಜೊತೆ ಬಾಳುವುದಕ್ಕಿಂತ ನನ್ನ ತೋಫು ತೊಟ್ಟಿಯ ಜೊತೆ ಮಾತಾಡುವುದು ವಾಸಿ.

ಗವಿ ಕೊರೆದು ಮುಗಿದಾಗ ಗಣಿಯ ಕಡೆಯವರು ಒಂದು ದಿನದ ಮಟ್ಟಿಗೆ ಹೆಂಡತಿಯರನ್ನೂ ಒಳಗೆ ಬಿಟ್ಟರು. ಕಾಲ ಬದಲಾಗಿತ್ತು, ತಾಯಿಗೆ ಹೆದರುವವರು ಕಡಿಮೆಯಾಗಿದ್ದರು. ಗಣಿಯವರ ಮನೆಯ ಹೆಂಗಸರೆಲ್ಲ ತುಟಿಗೆ ಬಣ್ಣ ಹಚ್ಚಿಕೊಂಡು ಬಸ್ಸು ಹತ್ತಿದರು. ನನ್ನ ಗಂಡ ಕಾಳು ರುಬ್ಬುವವನು, ನನಗೆ ಕರೆಯಿರಲಿಲ್ಲ. ಹಿಸಾನೊಗೆ ಇತ್ತು. ಅವಳು ಹೋಗಲಿಲ್ಲ. "ಅವರೆಲ್ಲ ಹೋದ್ರು, ನಾನು ಹೋಗಲಿಲ್ಲ" ಅಂತ ಅದನ್ನೇ ಪದಕದ ಹಾಗೆ ಕೊರಳಿಗೆ ಹಾಕಿಕೊಂಡು ವರ್ಷಗಟ್ಟಲೆ ತಿರುಗಿದಳು.

ಆಮೇಲೆ ಗಣಿ ಮುಚ್ಚಿತು. ಮಾಸುಜಿಯ ಶ್ವಾಸಕೋಶದಲ್ಲಿ ಬೆಟ್ಟದ ಪುಡಿ ಕೂತಿತ್ತು, ಕೆಮ್ಮಿ ಕೆಮ್ಮಿ ಸೊರಗಿದ. ಸೂರಿನಡಿ ಸುಲಿದ ಪರ್ಸಿಮನ್ ಹಣ್ಣು ಒಣಗಲು ಕಟ್ಟಿದ್ದ ದಿನಗಳಲ್ಲಿ, ತನ್ನ ಹಾಸಿಗೆಯಲ್ಲೇ ಹೋದ. ಹೆಣದ ಮೈ ಒರೆಸುವಾಗ ನಾನು ಜೊತೆಗಿದ್ದೆ. ಅವಳು ಅವನ ಎರಡೂ ಕೈ ಬಿಡಿಸಿ ನನಗೆ ತೋರಿಸಿದಳು.

"ನೋಡು, ಎಲ್ಲಾ ಬೆರಳೂ ಇದೆ. ಇವರ ಮೇಸ್ತ್ರಿ ತೊಕುರೊ ಅಣ್ಣನಿಗೆ ಎರಡಿಲ್ಲ. ಸೇತುವೆ ಪಕ್ಕದ ಮನೆಯವನು ಗಣಿಯಿಂದ ವಾಪಸ್ ಬರಲೇ ಇಲ್ಲ. ಇವರಿಗೆ ಒಂದು ಗೀರೂ ಇಲ್ಲ. ಇದು ನಾನು ಮಾಡಿದ್ದು ಉಮೆಕೊ."

ಹೌದಕ್ಕ ಅಂದೆ.

ಹೊನಾಮಿ ಬಂದದ್ದು ಅದಾದ ಎಷ್ಟೋ ವರ್ಷದ ಮೇಲೆ. ಬೆಟ್ಟದ ತೊಟ್ಟಿಯಲ್ಲಿ ಕೆಲಸ ಮಾಡುವ ಹುಡುಗಿ, ಉತ್ತರದ ಕಡೆಯವಳು, ಹಿಸಾನೊಳ ಮನೆಯ ಮಹಡಿ ಕೋಣೆ ಬಾಡಿಗೆಗೆ ಹಿಡಿದಳು. ದಿನಾ ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ಕಾರಿನಲ್ಲಿ ಸೀದಾ ಸುರಂಗದೊಳಕ್ಕೆ! ಹಿಸಾನೊಗೆ ಮೈಯೆಲ್ಲ ಉರಿ. ಹುಡುಗಿ ಸಂಜೆ ಬಂದು ಬಾಗಿಲಲ್ಲಿ ನಿಂತರೆ ಮೈಲಿಗೆ ಕಳೆಯಲು ಅವಳ ಹೆಗಲ ಮೇಲೆ ಉಪ್ಪು ಚೆಲ್ಲುವಳು. ಹೊನಾಮಿ ಅದನ್ನು ಈ ಕಡೆಯ ಸ್ವಾಗತದ ಪದ್ಧತಿ ಅಂತ ತಿಳಿದು ದಿನಾ ತಲೆ ಬಾಗಿಸಿ, "ತುಂಬಾ ಸಂತೋಷ ಅಜ್ಜಿ" ಅನ್ನುತ್ತಿದ್ದಳು. ಹೀಗೆ ತಲೆ ಬಾಗಿಸುವವಳ ಮೇಲೆ ಎಷ್ಟು ದಿನ ಅಂತ ಸಿಟ್ಟು ಮಾಡುವುದು? ಉಪ್ಪು ನಿಂತಿತು, ಊಟ ಶುರುವಾಯಿತು.

ಮಾಸುಜಿ ಬಾಯಿ ಬಿಡದ್ದಕ್ಕೆಲ್ಲ ಸೇರಿಸಿ ಈ ಹುಡುಗಿ ಮಾತಾಡಿದಳು ಅನ್ನಿ. ಒಂದು ಸಂಜೆ ನಾನೂ ಅಲ್ಲಿದ್ದೆ. ಕೆಂಡದ ಮೇಲಿಟ್ಟ ಒಣಗಿದ ಹೊಬಾ ಎಲೆಯಲ್ಲಿ, ಸೋಯಾ ಕಾಳು ಹುದುಗಿಸಿ ಮಾಡಿದ ಮಿಸೊ ಚಟಪಟ ಅನ್ನುತ್ತಿತ್ತು.

"ನಿನ್ನ ಕೆಲಸ ಏನು ಮಗಾ, ಸರಿಯಾಗಿ ಹೇಳು" ಅಂದಳು ಹಿಸಾನೊ.

"ನಕ್ಷತ್ರ ಸಾಯೋದನ್ನ ಕಾಯೋದು ಅಜ್ಜಿ."

"ಛೀ, ಎಂಥ ಕೆಲಸವೇ!"

"ದೊಡ್ಡ ನಕ್ಷತ್ರ ಸಾಯುವಾಗ ಅದರ ಒಡಲು ಒಳಕ್ಕೆ ಕುಸಿಯುತ್ತೆ. ಆ ಕ್ಷಣಕ್ಕೇ ನ್ಯೂಟ್ರಿನೊ ಅನ್ನೋ ಕಣ ಕೋಟಿ ಕೋಟಿ ಹೊರಟ್ಬಿಡುತ್ತೆ. ಬೆಳಕು ಇನ್ನೂ ಒಳಗೇ ಒದ್ದಾಡ್ತಿರುತ್ತೆ, ಹೊರಗೆ ಬರೋಕೆ ಗಂಟೆಗಟ್ಟಲೆ ಬೇಕು. ಅದಕ್ಕೇ ಸುದ್ದಿ ಮೊದಲು ಬರೋದು ನಮಗೆ."

"ನಕ್ಷತ್ರ ಇರೋದು ಮೇಲೆ. ನೀವು ಹೋಗಿ ಗಣಿಯೊಳಗೆ ಕೂತಿದ್ದೀರಲ್ಲ?"

"ಹೊರಗೆ ಗಲಾಟೆ ಅಜ್ಜಿ. ಆಕಾಶದಿಂದ ಏನೇನೋ ಕಣ ಮಳೆ ಥರ ಸುರೀತಿರುತ್ತೆ. ಅದನ್ನೆಲ್ಲ ಬೆಟ್ಟ ತಡೆಯುತ್ತೆ. ನ್ಯೂಟ್ರಿನೊಗೆ ಮಾತ್ರ ಬೆಟ್ಟ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ."

ಇದು ನನಗೆ ಥಟ್ಟನೆ ಹೊಳೆಯಿತು. ನೆನೆದ ಸೋಯಾ ಕಾಳು ರುಬ್ಬಿ ಬಟ್ಟೆಯಲ್ಲಿ ಹಿಂಡುತ್ತೇನಲ್ಲ, ಚರಟ ಬಟ್ಟೆಯಲ್ಲಿ ಉಳಿಯುತ್ತದೆ, ಹಾಲು ಇಳಿಯುತ್ತದೆ. ಬೆಟ್ಟವೇ ಅವರ ಬಟ್ಟೆ. ಹೇಳಿದೆ. ಹೊನಾಮಿ ಚಪ್ಪಾಳೆ ತಟ್ಟಿದಳು. "ಸಾಕು ಬಿಡೇ, ತೋಫು ಹೊರತು ನಿನಗೆ ಬೇರೆ ಲೋಕವಿಲ್ಲ" ಅಂದಳು ಹಿಸಾನೊ.

"ಬೆಟ್ಟ ದಾಟಿ ಬಂದು ಏನ್ ಮಾಡುತ್ತೆ?" ಅಂತ ಅವಳೇ ಕೇಳಿದಳು.

"ಹೋಗ್ಬಿಡುತ್ತೆ. ಬೆಟ್ಟ, ತೊಟ್ಟಿ, ನೀವು, ನಾನು, ಯಾವುದನ್ನೂ ತಾಕದೆ ಆಚೆ ಹೋಗ್ಬಿಡುತ್ತೆ. ಕೋಟ್ಯಂತರದಲ್ಲಿ ಎಲ್ಲೋ ಒಂದು ಮಾತ್ರ ತೊಟ್ಟಿಯ ನೀರಿಗೆ ಡಿಕ್ಕಿ ಹೊಡೆಯುತ್ತೆ. ಆಗ ಒಂದು ಚೂರೇ ಚೂರು ನೀಲಿ ಬೆಳಕು ಬರುತ್ತೆ. ಅದನ್ನ ಹಿಡಿಯೋಕೆ ಸುತ್ತಲೂ ಗಾಜಿನ ಬುರುಡೆ ಕೂರಿಸಿದ್ದಾರೆ, ಸಾವಿರಾರು."

ನೀಲಿ ಬೆಳಕು ಅಂದದ್ದೇ ಹಿಸಾನೊಳ ಮುಖ ಬದಲಾಯಿತು. ವಸಂತದಲ್ಲಿ ತೊಯಾಮದ ಕಡಲಿಗೆ ಮಿಣುಕು ಬೊಂಡಾಸ ಮೀನು ಬರುತ್ತವೆ. ಕಪ್ಪು ನೀರಿನಲ್ಲಿ ಬಲೆ ಅಲುಗಿದರೆ ಸಾಕು, ಪುಳಕ್ ಅಂತ ನೀಲಿಯಾಗಿ ಹೊಳೆದು ಆರಿಹೋಗುತ್ತವೆ. "ದೀಪ ಇದ್ರೆ ಕಾಣಲ್ಲ. ಅಪ್ಪ ಲಾಟೀನು ಆರಿಸು ಅನ್ನೋರು" ಅಂದಳು. ಆ ಎಲೆಯ ಮೇಲಿನ ಮಿಸೊ ಸೀದುಹೋಯಿತು.

"ನಿನ್ನ ಕಾಲದಲ್ಲಿ ಒಂದು ಸಾಯುತ್ತೇನೇ?" ಅಂತ ಆಮೇಲೆ ಕೇಳಿದಳು.

"ಗೊತ್ತಿಲ್ಲ ಅಜ್ಜಿ. ನಾನು ಹುಟ್ಟೋ ಮುಂಚೆ ಒಂದ್ಸಲ ಹಳೇ ಚಿಕ್ಕ ತೊಟ್ಟಿಗೆ ಹತ್ತೋ ಹನ್ನೊಂದೋ ಕಣ ಸಿಕ್ಕಿತ್ತು. ಅಷ್ಟಕ್ಕೇ ಲೋಕವೆಲ್ಲ ಕುಣೀತು. ಆ ನಕ್ಷತ್ರ ಸತ್ತು ಒಂದೂವರೆ ಲಕ್ಷ ವರ್ಷ ದಾಟಿತ್ತು, ಸುದ್ದಿ ಅವತ್ತು ಬಂತು. ಮುಂದಿನದು ನಾಳೆ ಬರಬಹುದು, ನಾನು ಮುದುಕಿಯಾಗಿ ಸತ್ತ ಮೇಲೂ ಬರಬಹುದು."

"ಅಲ್ಲೀವರೆಗೆ?"

"ಕಾಯೋದು."

ಹಿಸಾನೊ ತನ್ನ ತಟ್ಟೆಯ ಮೀನಿನ ತುಂಡನ್ನು ಅವಳ ತಟ್ಟೆಗೆ ಹಾಕಿದಳು. "ಆ ಗವಿ ಕೊರೆದಿದ್ದು ನಮ್ಮೋರು. ಒಳಗೆ ಹೇಗಿದೆ ಹೇಳು."

ಹೊನಾಮಿ ತಲೆ ಅಲ್ಲಾಡಿಸಿದಳು. ತೊಟ್ಟಿ ತುಂಬಿ ಮುಚ್ಚಳ ಹಾಕಿ ಎಷ್ಟೋ ವರ್ಷವಾಗಿತ್ತು, ಅವಳೂ ಒಳಗೆ ನೋಡಿರಲಿಲ್ಲ. ಮುಚ್ಚಳದ ಮೇಲೆ ಓಡಾಡುತ್ತಿದ್ದಳು, ಅಷ್ಟೇ. ಅವತ್ತಿನಿಂದ ಆ ಮನೆಯಲ್ಲಿ ಅದೊಂದೇ ಜಾಗಕ್ಕಾಗಿ ಹಂಬಲಿಸುವ ಹೆಂಗಸರು ಇಬ್ಬರಾದರು.

ಒಂದು ಬೇಸಿಗೆ ತೊಟ್ಟಿ ತೆರೆಯುತ್ತಾರೆ ಅಂತ ಸುದ್ದಿ ಬಂತು. ಎಲ್ಲೋ ನೀರು ಜಿನುಗುತ್ತಿತ್ತು, ಬೆಸುಗೆಯ ಸಂದುಗಳನ್ನು ಮುಚ್ಚಬೇಕು. ಆಮೇಲೆ ನೀರಿಗೆ ಯಾವುದೋ ಲೋಹದ ಉಪ್ಪು ಬೆರೆಸುತ್ತಾರಂತೆ. ಹಾಗೆ ಮಾಡಿದರೆ ಈಗ ಸಾಯುವ ನಕ್ಷತ್ರದ್ದಷ್ಟೇ ಅಲ್ಲ, ಯಾವ ಯಾವ ಕಾಲದಲ್ಲೋ ಸತ್ತು ಇನ್ನೂ ಅಲೆಯುತ್ತಿರುವ ಕಣಗಳೂ ಸಿಗಬಹುದು ಅಂತ ಹೊನಾಮಿ ಹೇಳಿದಳು. "ಅಷ್ಟು ಕಾಲ, ಯಾರಿಗೂ ತಾಕದೇನಾ?" ಅಂತ ಹಿಸಾನೊ ಕೇಳಿದ ರೀತಿ ನನಗೆ ಇನ್ನೂ ಕಿವಿಯಲ್ಲಿದೆ.

ನೀರು ಬಸಿದು ಒಳಗೆ ಇಳಿದ ಮೊದಲ ದಿನ ಹೊನಾಮಿ ಮನೆಗೆ ಬಂದು ಹೊಸಿಲಲ್ಲೇ ಕೂತುಬಿಟ್ಟಳು, ಶೂ ಬಿಚ್ಚುವುದೂ ಮರೆತು.

"ಹೇಗಿತ್ತೇ?" ಅಂದಳು ಹಿಸಾನೊ.

ಆ ಮಾತಿನ ಮಲ್ಲಿ ಬಾಯಿ ತೆರೆದಳು, ಮುಚ್ಚಿದಳು. ಕೊನೆಗೆ, "ದೊಡ್ಡದು ಅಜ್ಜಿ" ಅಂದಳು.

ಹಿಸಾನೊ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಹಿತ್ತಲಿಗೆ ಹೋದಳು. ನಾನು ಹಿಂದೆ ಹೋಗಿ ನೋಡಿದರೆ ಕೆಂಪು ಮೂಲಂಗಿ ಮಡಿಯ ಹತ್ತಿರ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಮತ್ತೆ ನೀರು ಬಿಡುವ ಮುಂಚೆ ಊರಿನವರಿಗೆ ಒಂದು ದಿನ ತೋರಿಸುತ್ತಾರೆ, ಅಜ್ಜಿಯನ್ನೂ ಉಮೆಕೊ ಅಮ್ಮನನ್ನೂ ನಾನೇ ಕರೆದುಕೊಂಡು ಹೋಗುತ್ತೇನೆ ಅಂದಳು ಹೊನಾಮಿ. ಒಮ್ಮೆ ಮುಚ್ಚಳ ಹಾಕಿದರೆ ಮತ್ತೆ ಯಾವಾಗ ತೆಗೆಯುತ್ತಾರೋ ಯಾರಿಗೂ ಗೊತ್ತಿಲ್ಲ. ಹಿಸಾನೊಗೆ ಎಂಬತ್ತು ಹತ್ತಿರವಾಗಿತ್ತು. ಇದೇ ಕೊನೆ ಅವಕಾಶ ಅಂತ ಕುರುಡನಿಗೂ ಕಾಣುತ್ತಿತ್ತು.

"ನಾನು ಬರಲ್ಲ" ಅಂದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮರುದಿನ ಅಂಗಡಿಗೆ ಬಂದಾಗ ಹಿಡಿದು ನಿಲ್ಲಿಸಿದೆ. "ಅಲ್ಲಕ್ಕಾ, ನಿನಗೇನು ದೆವ್ವ ಮೆಟ್ಟಿದೆಯಾ? ಜೀವಮಾನವೆಲ್ಲ ಬಟ್ಟೆ ಒಗೆದ ನೀರು ನೋಡ್ಕೊಂಡು ಕೂತೆ. ಈಗ ಬಾಗಿಲು ತೆಗೆದು ಬಾ ಅಂತಿದ್ದಾರೆ. ಇನ್ನೂ ಆ ಮೂತಿ ಸೊಟ್ಟ ತಾಯಿಗೆ ಹೆದರ್ತೀಯಾ? ನಿನ್ನ ಮುಖ ಈಗ ನೋಡಿದ್ರೆ ಅವಳಿಗೆ ಹೊಟ್ಟೆಕಿಚ್ಚು ಬರಲ್ಲ, ಅಯ್ಯೋ ಪಾಪ ಅಂತಾಳೆ!"

ಬೇರೆ ದಿನವಾಗಿದ್ದರೆ ಪಾತ್ರೆ ಎತ್ತಿ ಬಡಿಯುತ್ತಿದ್ದಳೋ ಏನೋ. ಅವತ್ತು ತೊಟ್ಟಿಯ ಅಂಚು ಹಿಡಿದು ನಿಂತಳು.

"ಹೋದ್ರೆ ಏನೂ ಆಗಲ್ಲ ಕಣೆ. ನನಗೂ ಗೊತ್ತು. ಹೊನಾಮಿ ದಿನಾ ಹೋಗ್ತಾಳೆ, ಏನಾಯ್ತು? ನಾನು ಹೋಗಿ ಬಂದು, ಏನೂ ಆಗದೆ ಹೋದ್ರೆ... ಆಗ ಅಷ್ಟು ವರ್ಷ ಸೇತುವೆ ಈಚೆ ನಿಂತು ನಾನು ಮಾಡಿದ್ದೇನು? ಹೇಳು. ಅವರ ಬೆರಳು ಉಳಿಸಿದ್ದು ಯಾರು ಹಾಗಾದ್ರೆ?"

ಆಸೆ ಒಂದು ಕಡೆ, ಬಾಳಿದ ಬಾಳೆಲ್ಲ ಇನ್ನೊಂದು ಕಡೆ. ಅವತ್ತು ತೋಫು ಮೆತ್ತಗಿದೆ ಅಂತಲೂ ಅನ್ನದೆ ತೆಗೆದುಕೊಂಡು ಹೋದಳು. ನನಗೆ ದಿನವೆಲ್ಲ ಮನಸ್ಸು ಸರಿಯಿರಲಿಲ್ಲ.

ಬೋನ್ ಹಬ್ಬ ಬಂತು. ಸತ್ತವರು ಮನೆಗೆ ಬರುವ ದಿನಗಳು. ಹಳೇ ತಂಡದ ಮೇಸ್ತ್ರಿ ತೊಕುರೊ ಅಣ್ಣ ಪ್ರತಿ ವರ್ಷದಂತೆ ಮಧ್ಯಾಹ್ನ ಕೋಲೂರಿಕೊಂಡು ಮಾಸುಜಿಗೆ ಊದುಬತ್ತಿ ಹಚ್ಚಲು ಬಂದ. ನಾನು ಕರಿದ ತೋಫು ತಂದಿದ್ದೆ. ಹೊನಾಮಿ ಚಹಾ ಕೊಟ್ಟಳು. ಅಣ್ಣನ ಮುಂದೆಯೇ ನಾನು ದೂರು ಹೇಳಿದೆ. "ನೀವಾದ್ರೂ ಬುದ್ಧಿ ಹೇಳಿ ಅಣ್ಣಾ. ತೊಟ್ಟಿ ನೋಡೋಕೆ ಕರೆದ್ರೆ ಬರಲ್ಲ ಅಂತಾಳೆ."

ತೊಕುರೊ ಅಣ್ಣ ಮಾಸುಜಿಯ ಫೋಟೊ ಕಡೆ ನೋಡಿದ. "ಈಗಲೂ ಬರಲ್ವಾ?" ಅಂದ. "ತಂಗೀ, ಅವತ್ತೂ ಹೀಗೇ ಮಾಡಿದೆ. ಪಾಪ ಅವನನ್ನ ಸುರಂಗದ ಬಾಯಲ್ಲಿ ನಿಲ್ಲಿಸಿಬಿಟ್ಟೆ."

"ಯಾರನ್ನ?" ಅಂದಳು ಹಿಸಾನೊ.

"ಇನ್ಯಾರನ್ನ, ನಿನ್ನ ಗಂಡನ್ನ. ಹೆಂಡ್ತೀರು ಬಂದ ದಿವಸ. ಹಿಂದಿನ ದಿನ ಉಗ್ರಾಣಕ್ಕೆ ಹೋಗಿ ಹೆಲ್ಮೆಟ್ ಎಲ್ಲಾ ತೆಗೆದು ತೆಗೆದು ನೋಡ್ತಿದ್ದ. ಏನೋ ಅಂದ್ರೆ, 'ಅವಳ ತಲೆ ಚಿಕ್ಕದು' ಅಂದ. ಒಂದು ಆರಿಸಿ, ಒಳಗೆ ಟವೆಲ್ ಮಡಚಿ ಇಟ್ಟಿದ್ದ. ಮಾರನೇ ದಿನ ನೋಡಿದ್ರೆ ಎಲ್ಲರೂ ಹೆಂಡತೀರನ್ನ ಕರ್ಕೊಂಡು ಒಳಗೆ ಹೋಗ್ತಿದ್ದಾರೆ, ಇವನೊಬ್ಬ ಆ ಹೆಲ್ಮೆಟ್ ಹಿಡ್ಕೊಂಡು ಬಾಯಲ್ಲೇ ನಿಂತಿದ್ದಾನೆ. ಬಸ್ಸೆಲ್ಲ ಬಂದು ಮುಗಿಯೋವರೆಗೂ ನಿಂತಿದ್ದ, ಮನಸ್ಸು ಬದಲಾಯಿಸಿ ಬರ್ತೀಯೇನೋ ಅಂತ."

"ಅವರಿಗೆ ತಾಯಿ ಮೇಲೆ ನಂಬಿಕೆ..." ಅಂದಳು ಹಿಸಾನೊ.

"ಮಾಸುಜಿಗಾ? ಪೂಜೆಗಿಟ್ಟ ಸಾಕೆ ಹೆಂಡ ಕದ್ದು ಕುಡೀತಿದ್ದವನು ಅವನು! 'ನಂಬಿಕೆ ಇರೋದು ಅವಳಿಗೆ. ನಾನು ಬಲವಂತ ಮಾಡಿದ್ರೆ, ನಾಳೆಯಿಂದ ನಾನು ವಾಪಸ್ ಬರೋವರೆಗೂ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿರ್ತಾಳೆ. ಬೇಡ' ಅಂದ. ಅವತ್ತೆಲ್ಲ ಯಾರ ಜೊತೆಗೂ ಮಾತಿಲ್ಲ."

ಹಿಸಾನೊ ನೆಲದ ಚಾಪೆಯ ಅಂಚನ್ನು ಬೆರಳಲ್ಲಿ ಸವರುತ್ತಾ ಕೂತಳು. ಆಮೇಲೆ ನಮಗೆ ಅಂತಲ್ಲ, ಸುಮ್ಮನೆ ಹೇಳತೊಡಗಿದಳು.

"ಹಿಂದಿನ ದಿನ ಊಟಕ್ಕೆ ಕೂತಾಗ, 'ನಾಳೆ ಹೆಂಗಸರನ್ನೂ ಬಿಡ್ತಾರಂತೆ' ಅಂದ್ರು. ಬರ್ತೀನಿ ಅಂತ ತುಟಿವರೆಗೆ ಬಂದಿತ್ತು. ಆಮೇಲೆ ಅಂದ್ಕೊಂಡೆ, ಇವರು ನನ್ನ ಪರೀಕ್ಷೆ ಮಾಡ್ತಿದ್ದಾರೆ. ನಾನು ಹೂಂ ಅಂದ್ರೆ ನಾಳೆಯಿಂದ ಭಯದಲ್ಲಿ ಡ್ರಿಲ್ಲು ಹಿಡೀತಾರೆ. ಕೈ ತಪ್ಪುತ್ತೆ. 'ಬಿಡಲಿ ಬಿಡಿ, ನಾನು ಕಾಲಿಡೋಳಲ್ಲ' ಅಂದೆ. 'ಹೌದಾ' ಅಂದ್ರು. ಇನ್ನೊಂದು ಬಟ್ಟಲು ಅನ್ನ ಹಾಕಿದೆ. ತಿಂದ್ರು."

ತೊಕುರೊ ಅಣ್ಣ ಎರಡು ಬೆರಳಿಲ್ಲದ ಕೈಯಿಂದ ಮುಖ ಉಜ್ಜಿಕೊಂಡ. ಹೇಳಬಾರದಿತ್ತೇನೋ ಅಂತ ಅವನಿಗೆ ಅನ್ನಿಸಿರಬೇಕು. ಅವಳಿಗಾಗಿ ಅವನು ಬಾಯಿ ಮುಚ್ಚಿಕೊಂಡ, ಅವನಿಗಾಗಿ ಇವಳು ಬಾಯಿ ಮುಚ್ಚಿಕೊಂಡಳು. ಇಬ್ಬರ ನಡುವೆ ಒಂದು ಅನ್ನದ ಬಟ್ಟಲಿನಷ್ಟು ದೂರವೂ ಇರಲಿಲ್ಲ.

ಅವಳು ಅಳುತ್ತಾಳೆ ಅಂದುಕೊಂಡೆ. ಎದ್ದು ಪಾತ್ರೆ ತೊಳೆದಳು. ಆಮೇಲೆ ಹೊನಾಮಿಯ ಕಡೆ ತಿರುಗಿ, "ಯಾವತ್ತೇ ಅದು, ತೋರಿಸೋ ದಿನ?" ಅಂತ ಕೇಳಿದಳು.

ಹೋದೆವು. ಕಬ್ಬಿಣದ ಸೇತುವೆ ಬಂದಾಗ ಹಿಸಾನೊ ನನ್ನ ಮೊಣಕೈ ಹಿಡಿದುಕೊಂಡಳು, ಕಾರು ದಾಟಿದ ಮೇಲೆ ಬಿಟ್ಟಳು. ಸುರಂಗ ತಣ್ಣಗಿತ್ತು, ಗೋಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಮ್ಮನ್ನು ಒಂದು ಕೋಣೆಗೆ ಕರೆದುಕೊಂಡು ಹೋಗಿ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ತೊಡಿಸಿದರು. ಒಂದು ಕೂದಲೂ ಬೀಳಬಾರದಂತೆ. "ನಿನ್ನ ತೋಫು ಥರ ಕಾಣ್ತಿದ್ದೀಯ" ಅಂದಳು ನನಗೆ. ಸದ್ಯ, ಬಾಯಿ ಸರಿಯಾಗಿದೆ ಅಂತ ಜೀವ ಬಂದ ಹಾಗಾಯಿತು.

ಸೊಂಟಕ್ಕೆ ಪಟ್ಟಿ ಬಿಗಿದು, ಗೋಡೆಗುಂಟ ಇಳಿಯುವ ಪಂಜರದಂಥ ಲಿಫ್ಟಿನಲ್ಲಿ ಕೆಳಗಿಳಿಸಿದರು. ಏನು ಹೇಳಲಿ! ಕೆಳಗೆ, ಮೇಲೆ, ಸುತ್ತಲೂ ಹೊಂಬಣ್ಣದ ಗಾಜಿನ ಬುರುಡೆಗಳು, ಒಂದೊಂದೂ ನನ್ನ ದೊಡ್ಡ ಹಂಡೆಯ ಬಾಯಿಯಷ್ಟು ಅಗಲ, ಸಾಲು ಸಾಲಾಗಿ ಕಣ್ಣಿಗೆ ಎಟುಕುವಷ್ಟು ಎತ್ತರಕ್ಕೆ ಹೋಗಿದ್ದವು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ದೊಡ್ಡದು ಅನ್ನುವ ಮಾತು ಬಿಟ್ಟರೆ ನನಗೂ ಬೇರೆ ಸಿಗಲಿಲ್ಲ.

ಹಿಸಾನೊ ಬುರುಡೆಗಳನ್ನು ನೋಡುತ್ತಿರಲಿಲ್ಲ. ಅವುಗಳ ಸಂದಿಯಲ್ಲಿ ಬಗ್ಗಿ ಬಗ್ಗಿ ಏನೋ ಹುಡುಕುತ್ತಿದ್ದಳು.

"ಬಂಡೆ ಎಲ್ಲಿದೆಯೇ?" ಅಂದಳು.

ಬಂಡೆಗೇ ಮೊಳೆ ಹೊಡೆದು ಬುರುಡೆ ಕೂರಿಸಿದ್ದಾರೆ ಅಂತ ನಾವಿಬ್ಬರೂ ಅಂದುಕೊಂಡಿದ್ದೆವು. ಹೊನಾಮಿಗೆ ತಕ್ಷಣ ಅರ್ಥವಾಗಲಿಲ್ಲ. "ಬಂಡೆ ಕಾಣಲ್ಲ ಅಜ್ಜಿ. ಈ ಕಪ್ಪು ಹಾಳೆ ಇದೆಯಲ್ಲ, ಇದರ ಹಿಂದೆ ಇನ್ನೊಂದು ಸಾಲು ಬುರುಡೆ. ಅದರ ಹಿಂದೆ ಉಕ್ಕಿನ ಗೋಡೆ, ಕಾಂಕ್ರೀಟು. ಆಮೇಲೆ ಬಂಡೆ."

"ಉಕ್ಕು ಯಾವಾಗ ಹೊದೆಸಿದ್ದು?"

"ಕೊರೆದು ಮುಗಿದ ಮೇಲೆ. ಅದಾದ ಮೇಲೆ ಬಂಡೆಯನ್ನ ಯಾರೂ ನೋಡಿಲ್ಲ. ಇನ್ನು ನೋಡೋಕೂ ಆಗಲ್ಲ." ಅಷ್ಟು ಹೇಳಿದ ಮೇಲೆ ಹುಡುಗಿಗೆ ತಾನೇನು ಹೇಳಿದೆ ಅಂತ ತಿಳಿಯಿತು. ಬಂಡೆ ಕಣ್ಣಿಗೆ ಕಾಣುತ್ತಿದ್ದುದು ಹೆಂಡತಿಯರನ್ನು ಒಳಗೆ ಬಿಟ್ಟ ಆ ದಿನ ಮಾತ್ರ.

"ಎಷ್ಟು ದೂರ ಇದೆ, ಇಲ್ಲಿಂದ?"

"ಮೂರ್ನಾಲ್ಕು ಹೆಜ್ಜೆ, ಅಷ್ಟೇ ಅಜ್ಜಿ."

ಹಿಸಾನೊ ಎರಡು ಬುರುಡೆಗಳ ನಡುವೆ ಕಪ್ಪು ಹಾಳೆಯ ಮುಂದೆ ಹೋಗಿ ನಿಂತಳು. ಮುಟ್ಟಬಾರದು ಅಂತ ಮೊದಲೇ ಹೇಳಿದ್ದರು, ಮುಟ್ಟಲಿಲ್ಲ. ಅಷ್ಟು ವರ್ಷ ನಾನು ಕಂಡ ಹಟಮಾರಿ ಮುಖ ಒಂದು ಕ್ಷಣದಲ್ಲಿ ಕರಗಿಹೋಯಿತು, ಕಡಲತಡಿಯಿಂದ ಬಂದು ನಮ್ಮಮ್ಮನ ಮುಂದೆ ಅತ್ತ ಹುಡುಗಿಯ ವಯಸ್ಸಾಯಿತು ಅವಳಿಗೆ. ಗೋಡೆಯ ಕಡೆ ಮುಖ ಮಾಡಿ, ಮೆಲ್ಲಗೆ, ಮನೆಯಲ್ಲಿ ಊಟಕ್ಕೆ ಕೂತವರ ಹತ್ತಿರ ಮಾತಾಡುವಂತೆ ಅಂದಳು:

"ಇನ್ನೊಂದ್ಸಲ ಕರೀಬಾರದಿತ್ತೇನ್ರೀ? ಬಂದ್ಬಿಡ್ತಿದ್ದೆ."